ಒಂಬತ್ತನೆಯ ತರಗತಿ

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ಮರುದಿನ ಪತ್ರಿಕೆಗಳ ಪುಟಗಳಲ್ಲಿ ಮಕ್ಕಳಿಗೆ ಸಿಹಿ ತಿನ್ನಿಸುತ್ತಿರುವ ತಂದೆತಾಯಿಯರ ಚಿತ್ರಗಳೇ ತುಂಬಿರುತ್ತವೆ. 625ಕ್ಕೆ 625 ಅಂಕ ಪಡೆದವರ ಮಾತುಗಳು, ಯಾವ ಜಿಲ್ಲೆ ಮೇಲೇರಿತು, ಯಾವುದು ಕೆಳಗಿಳಿಯಿತು ಎಂಬ ಪಟ್ಟಿಗಳು. ನಮ್ಮ ಧರ್ಮಕೇಂದ್ರಗಳಲ್ಲಿಯೂ ಭಾನುವಾರದ ಪೂಜೆಯ ನಂತರ ಹೆಚ್ಚು ಅಂಕ ಗಳಿಸಿದ ಮಕ್ಕಳಿಗೆ ಶಾಲು ಹೊದಿಸಿ ಗೌರವಿಸುವುದುಂಟು. ಸಂತೋಷದ ವಿಷಯವೇ. ಆದರೆ ಇಪ್ಪತ್ತಾರು ವರ್ಷಗಳ ಕಾಲ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕನ್ನಡ ಪಾಠ ಮಾಡಿದ ನನಗೆ ಆ ಪುಟಗಳನ್ನು ನೋಡಿದಾಗಲೆಲ್ಲ ಮನಸ್ಸು ಒಂದು ಮೆಟ್ಟಿಲು ಕೆಳಗಿಳಿದು ಒಂಬತ್ತನೆಯ ತರಗತಿಯ ಬಾಗಿಲಲ್ಲಿ ನಿಲ್ಲುತ್ತದೆ. ಫಲಿತಾಂಶವೆಂಬುದು ಪರೀಕ್ಷೆಗೆ ಕುಳಿತವರ ಲೆಕ್ಕ. ಅಲ್ಲಿಯವರೆಗೆ ಬಾರದೆ ಹೋದ ಮಕ್ಕಳು ಆ ಶೇಕಡಾವಾರಿನಲ್ಲಿ ಎಲ್ಲಿಯೂ ಕಾಣಸಿಗುವುದಿಲ್ಲ. ನಾನು ಕಂಡಂತೆ ಅವರಲ್ಲಿ ಹೆಚ್ಚಿನವರು ಕೈತಪ್ಪಿದ್ದು ಒಂಬತ್ತರಲ್ಲಿಯೇ.

ಇದಕ್ಕೆ ಕಾರಣ ಹುಡುಕಹೊರಟರೆ ಕಾನೂನಿನ ಪುಸ್ತಕಗಳೇ ಒಂದು ಉತ್ತರ ಕೊಡುತ್ತವೆ. 2009ರ ಶಿಕ್ಷಣ ಹಕ್ಕು ಕಾಯಿದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ, ಅಂದರೆ ಎಂಟನೆಯ ತರಗತಿಯವರೆಗೆ, ಅನ್ವಯಿಸುತ್ತದೆ. ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಿದ್ದುಪಡಿಯಾದಾಗಲೂ ಪೂರ್ಣ ನಿಷೇಧ ಹದಿನಾಲ್ಕು ತುಂಬದವರಿಗೆ ಮಾತ್ರ. ಅನಂತರದ ವಯಸ್ಸಿನವರನ್ನು ಅಪಾಯಕಾರಿಯಲ್ಲದ ಕೆಲಸಕ್ಕೆ ಸೇರಿಸಿಕೊಳ್ಳಲು ಅಡ್ಡಿಯಿಲ್ಲ. ಮಧ್ಯಾಹ್ನದ ಊಟಕ್ಕೆ ಕೇಂದ್ರ ಸರ್ಕಾರ ಕೊಡುವ ನೆರವು ಸಹ ಎಂಟಕ್ಕೇ ಮುಗಿಯುತ್ತದೆ. ಒಂಬತ್ತು, ಹತ್ತರ ಮಕ್ಕಳ ತಟ್ಟೆಗೆ ಅನ್ನ ಬೀಳುತ್ತಿರುವುದು ನಮ್ಮ ರಾಜ್ಯ 2007ರಲ್ಲಿ ಆ ಹೊರೆಯನ್ನು ತಾನೇ ಹೊತ್ತುಕೊಂಡದ್ದರಿಂದ. ಮೊಟ್ಟೆ ಕೊಡುವ ಯೋಜನೆಯೂ ಮೊದಲು ಎಂಟರವರೆಗೆ ಬಂದು ನಿಂತು, 2023ರಲ್ಲಿ ಮೇಲಿನೆರಡು ತರಗತಿಗಳಿಗೆ ವಿಸ್ತರಿಸಿತು. ಹೀಗೆ ಎಲ್ಲ ಬೇಲಿಗಳೂ ಎಂಟಕ್ಕೂ ಒಂಬತ್ತಕ್ಕೂ ನಡುವಿನ ಒಂದೇ ಗೆರೆಯಲ್ಲಿ ಕೊನೆಗೊಳ್ಳುತ್ತವೆ. ಮಗು ಮಾತ್ರ ಅದೇ ಸಮವಸ್ತ್ರದಲ್ಲಿ, ಅದೇ ಕಟ್ಟಡದಲ್ಲಿ, ಪಕ್ಕದ ಕೋಣೆಗೆ ನಡೆದುಹೋಗಿರುತ್ತದೆ. ತಾನೊಂದು ಗಡಿ ದಾಟಿದೆನೆಂಬುದು ಅದಕ್ಕೆ ತಿಳಿಯುವುದೇ ಇಲ್ಲ.

ನಾನು ಹೆಚ್ಚು ಕಾಲ ಇದ್ದ ಶಾಲೆ ಮಲೆನಾಡಿನ ಕಾಫಿ ಸೀಮೆಯದು. ಸುತ್ತಲಿನ ಆರೇಳು ಹಳ್ಳಿಗಳ ಹಿರಿಯ ಪ್ರಾಥಮಿಕ ಶಾಲೆಗಳಿಂದ ಮಕ್ಕಳು ಎಂಟನೆಯ ತರಗತಿಗೆ ಬಂದು ಸೇರುತ್ತಿದ್ದರು. ಜೂನ್ ತಿಂಗಳ ಮಳೆಯಲ್ಲಿ ಒದ್ದೆಯಾದ ಚೀಲಗಳನ್ನು ತಬ್ಬಿಕೊಂಡು, ಊರಿನವರೆಲ್ಲ ಒಂದು ಬೆಂಚಿನಲ್ಲಿ, ಬೇರೆ ಊರಿನವರ ಮುಖ ನೋಡದೆ ಕುಳಿತಿರುತ್ತಿದ್ದರು. ಆ ವರ್ಷವೆಲ್ಲ ಹೊಂದಿಕೊಳ್ಳುವುದರಲ್ಲೇ ಕಳೆಯುತ್ತದೆ. ಹತ್ತನೆಯವರ ಪಾಡು ಇನ್ನೊಂದು ಬಗೆ. ಬೆಳಗಿನ ವಿಶೇಷ ತರಗತಿ, ಸಂಜೆಯ ವಿಶೇಷ ತರಗತಿ, ಸರಣಿ ಪರೀಕ್ಷೆ, ಪೂರ್ವಸಿದ್ಧತಾ ಪರೀಕ್ಷೆ ಎಂದು ಅವರನ್ನು ನಾವೇ ಶಾಲೆಯ ಬದುಕಿನಿಂದ ಎತ್ತಿ ಪಕ್ಕಕ್ಕಿಟ್ಟಿರುತ್ತೇವೆ. ಉಳಿದವರು ಒಂಬತ್ತರವರು. ನಿಜವಾಗಿ ನೋಡಿದರೆ ಶಾಲೆಯನ್ನು ನಡೆಸುವವರು ಅವರೇ.

ಬೆಳಗಿನ ಪ್ರಾರ್ಥನೆಗೆ ಸಾಲು ನಿಲ್ಲಿಸುವುದು, ನಾಡಗೀತೆಗೆ ದನಿ ಎತ್ತಿಕೊಡುವುದು, ಪತ್ರಿಕೆಯಿಂದ ಐದು ಸುದ್ದಿ ಆಯ್ದು ಓದುವುದು, ಸಂವಿಧಾನದ ಪ್ರಸ್ತಾವನೆಯನ್ನು ಹೇಳಿಸುವುದು ಎಲ್ಲವೂ ಅವರ ಪಾಲಿನವು. ಶಾಲಾ ಸಂಸತ್ತಿನ ಚುನಾವಣೆ ಬಂದರೆ ಅಭ್ಯರ್ಥಿಗಳೂ ಅವರೇ, ಬೆರಳಿಗೆ ಶಾಯಿ ಹಚ್ಚುವ ಅಧಿಕಾರಿಗಳೂ ಅವರೇ. ಆಹಾರ ಮಂತ್ರಿಯ ಪದವಿಗೆ ನಮ್ಮಲ್ಲಿ ಪ್ರಧಾನಮಂತ್ರಿಯ ಪದವಿಗಿಂತ ಹೆಚ್ಚು ಪೈಪೋಟಿ ನಡೆಯುತ್ತಿತ್ತು, ಕಾರಣ ಊಹಿಸಬಹುದು. ಕ್ರೀಡಾಕೂಟದ ಮುನ್ನಾದಿನ ಸುಣ್ಣದಪುಡಿಯಿಂದ ಖೋ-ಖೋ ಅಂಕಣದ ಗೆರೆ ಎಳೆಯುವ ಹುಡುಗರು, ಪ್ರತಿಭಾ ಕಾರಂಜಿಗಾಗಿ ಅಕ್ಕನ ಸೀರೆ ತಂದು ಪರದೆ ಕಟ್ಟುವ ಹುಡುಗಿಯರು, ಮಳೆಗಾಲದಲ್ಲಿ ಸೋರುವ ಮೂಲೆಗೆ ಬಕೆಟ್ಟು ಇಟ್ಟು ಅದು ತುಂಬುವ ಹೊತ್ತನ್ನು ಬಲ್ಲವರು, ಎಲ್ಲರೂ ಒಂಬತ್ತರ ಮಕ್ಕಳು. ಪಾಠದಲ್ಲಿ ಹಿಂದುಳಿದವನು ಗಂಟೆ ಬಾರಿಸುವುದರಲ್ಲಿ ಒಂದು ನಿಮಿಷವೂ ತಪ್ಪುತ್ತಿರಲಿಲ್ಲ. ಹದಿನಾಲ್ಕರ ವಯಸ್ಸಿಗೆ ಪುಸ್ತಕಕ್ಕಿಂತ ಮೊದಲು ಬೇಕಾಗುವುದು ತನ್ನನ್ನು ನಂಬಿ ಒಪ್ಪಿಸಿದ ಒಂದು ಕೆಲಸ ಎಂದು ನನ್ನ ಅಭಿಪ್ರಾಯ.

ಅಂಥವರಲ್ಲಿ ಒಬ್ಬಳನ್ನು ಹೇಳಬೇಕು. ಬೀಜಗಣಿತದ ಸಮೀಕರಣವೆಂದರೆ ಅವಳ ಕಣ್ಣು ಕಿಟಕಿಯತ್ತ ಹೋಗುತ್ತಿತ್ತು. ಆದರೆ ಬೆಳಗ್ಗೆ ಹತ್ತೂವರೆಗೆ ಮೂರು ತರಗತಿಗಳ ಹಾಜರಿ ತಿಳಿದು ಅಡುಗೆಮನೆಗೆ ಅಕ್ಕಿಯ ಲೆಕ್ಕ ಕೊಡುವ ಹೊಣೆ ಅವಳದು. ತಲೆಗೆ 150 ಗ್ರಾಂ. "ಇವತ್ತು ನೂರ ನಲವತ್ತಾರು ಜನ. ಇಪ್ಪತ್ತೊಂದು ಕೆಜಿ ಒಂಬೈನೂರು ಗ್ರಾಂ, ಅಕ್ಕಾ" ಎಂದು ಬಾಗಿಲಲ್ಲಿ ನಿಂತೇ ಹೇಳಿಬಿಡುತ್ತಿದ್ದಳು. ಕಾಗದ ಮುಟ್ಟುತ್ತಿರಲಿಲ್ಲ. ಗಣಿತದ ಮೇಷ್ಟ್ರು ಒಮ್ಮೆ ಇದನ್ನು ಕೇಳಿಸಿಕೊಂಡು, ಮರುದಿನದ ಪಾಠವನ್ನು ಅಕ್ಕಿ ಬೇಳೆಗಳಿಂದಲೇ ಆರಂಭಿಸಿದರು.

2015ರ ಡಿಸೆಂಬರ್ ತಿಂಗಳಲ್ಲಿ ಆ ಲೆಕ್ಕ ಹೇಳುವ ದನಿ ನಿಂತಿತು. ಡಿಸೆಂಬರ್ ಎಂದರೆ ಅರೇಬಿಕಾ ಕೊಯ್ಲು ಭರದಲ್ಲಿರುವ ಕಾಲ. ಅದರ ಬೆನ್ನಿಗೆ ಜನವರಿ, ಫೆಬ್ರವರಿಯಲ್ಲಿ ರೋಬಸ್ಟಾ. ಹಣ್ಣನ್ನು ಕಿಲೋ ಲೆಕ್ಕದಲ್ಲಿ ಅಳೆದು ಕೂಲಿ ಕೊಡುವಾಗ ಮನೆಯ ಪ್ರತಿಯೊಂದು ಕೈಗೂ ಬೆಲೆಯಿದೆ. ಮಕ್ಕಳು ಶಾಲೆ ಬಿಡುವುದು ಯಾವುದೋ ಒಂದು ದಿನ ನಿರ್ಧರಿಸಿ ಅಲ್ಲ. ಮೊದಲು ಸೋಮವಾರ ತಪ್ಪುತ್ತದೆ, ಮುಂದೆ ವಾರ. ಹಾಜರಿ ಪುಸ್ತಕದಲ್ಲಿ ಹೆಸರು ಇದ್ದೇ ಇರುತ್ತದೆ, ಅದರ ಮುಂದೆ ಗೈರುಹಾಜರಿಯ ಗುರುತುಗಳು ಸಾಲಾಗಿ ಬೆಳೆಯುತ್ತವೆ. ಪುನಃ ಬರಬೇಕೆಂದರೆ ಆ ವೇಳೆಗೆ ನಾಚಿಕೆ ಅಡ್ಡ ನಿಂತಿರುತ್ತದೆ. ಬಾಗಿಲಲ್ಲಿ ನಿಂತಾಗ ಇಡೀ ತರಗತಿ ತಿರುಗಿ ನೋಡುವ ಆ ಒಂದು ಗಳಿಗೆಯನ್ನು ಎದುರಿಸಲಾರದೆ ಗೇಟಿನವರೆಗೆ ಬಂದು ಮರಳಿದ ಮಕ್ಕಳನ್ನು ನಾನು ಬಲ್ಲೆ.

ಅಡುಗೆಯ ಅಕ್ಕನೂ ನಾನೂ ಒಂದು ಸಂಜೆ ಆ ಹುಡುಗಿಯ ಲೈನ್ ಮನೆಗೆ ಹೋದೆವು. ತಾಯಿ ಆಗಷ್ಟೇ ತೋಟದಿಂದ ಬಂದು ಕೈಯ ಅಂಟನ್ನು ತೊಳೆಯುತ್ತಿದ್ದರು. ಹುಡುಗಿಯ ಸೊಂಟದಲ್ಲಿ ಒಂದೂವರೆ ವರ್ಷದ ತಮ್ಮ. "ಓದ್ಸೋದು ಬೇಡ ಅಂತಲ್ಲ ಟೀಚ್ರೇ, ಇದನ್ನ ಯಾರ ಕೈಲಿ ಬಿಟ್ಟು ತೋಟಕ್ಕೆ ಹೋಗ್ಲಿ?" ಎಂದರು ಆ ತಾಯಿ. ಆ ಪ್ರಶ್ನೆಗೆ ನನ್ನ ಬಿ.ಎಡ್. ಪದವಿಯಲ್ಲಿ ಉತ್ತರವಿರಲಿಲ್ಲ. ಉತ್ತರ ಕೊಟ್ಟವರು ಅಡುಗೆಯ ಅಕ್ಕ. "ನಾಳೆಯಿಂದ ಅದನ್ನೂ ಕರ್ಕೊಂಡು ಬಾ" ಎಂದು ಹುಡುಗಿಗೆ ಹೇಳಿ, ಇನ್ನು ಮಾತಿಗೆ ಎಡೆಯಿಲ್ಲವೆಂಬಂತೆ ಎದ್ದುಬಿಟ್ಟರು. ಆ ಋತುವೆಲ್ಲ ಮಗು ಅಡುಗೆಮನೆಯ ಹೊರಗಿನ ಜಗುಲಿಯಲ್ಲಿ, ಒಲೆಯಿಂದ ದೂರ, ಹಳೆಯ ಸೀರೆಯ ಜೋಲಿಯಲ್ಲಿ ಮಲಗಿತು, ಎದ್ದಾಗ ತರಕಾರಿ ಬುಟ್ಟಿಗಳ ನಡುವೆ ಆಡಿತು. ನಿಯಮದ ಪ್ರಕಾರ ಇದಕ್ಕೆ ಅನುಮತಿ ಇತ್ತೆಂದು ನಾನು ಹೇಳಲಾರೆ. ಮುಖ್ಯೋಪಾಧ್ಯಾಯರು ಆ ಕಡೆ ಬರುವಾಗಲೆಲ್ಲ ಮೊದಲೇ ಕೆಮ್ಮುತ್ತಿದ್ದರು. ಹುಡುಗಿ ಒಂಬತ್ತನ್ನು ಮುಗಿಸಿದಳು. 2017ರಲ್ಲಿ ಎಸ್.ಎಸ್.ಎಲ್.ಸಿ. ಬರೆದು ಗಣಿತದಲ್ಲಿ ನಲವತ್ತೊಂದು ಅಂಕ ಪಡೆದಳು. ಪತ್ರಿಕೆಯಲ್ಲಿ ಬರುವ ಅಂಕವಲ್ಲ ಅದು.

ಎಲ್ಲರಿಗೂ ಅಂಥ ಅಕ್ಕ ಸಿಗುವುದಿಲ್ಲ. ಅಷ್ಟೇ ಏಕೆ, ಕೆಲವು ಮಕ್ಕಳನ್ನು ಹೊರಗೆ ಕಳುಹಿಸುವುದು ಬಡತನವೂ ಅಲ್ಲ. ನಮ್ಮ ಶಾಲೆಗೆ ಹತ್ತನೆಯ ತರಗತಿಗೆಂದು ಒಂದೆರಡು ವರ್ಷಕ್ಕೊಮ್ಮೆಯಾದರೂ ಪೇಟೆಯ ಹೆಸರಾಂತ ಶಾಲೆಗಳಿಂದ ಮಕ್ಕಳು ಬರುತ್ತಿದ್ದರು. ಕೈಯಲ್ಲಿ ವರ್ಗಾವಣೆ ಪತ್ರ, ಹಿಂದೆ ತಲೆ ತಗ್ಗಿಸಿದ ತಂದೆ. ಆ ಶಾಲೆಯ ಗೇಟಿನ ಮೇಲೆ 'ಶೇಕಡಾ ನೂರು ಫಲಿತಾಂಶ' ಎಂಬ ಫಲಕ ತೂಗುತ್ತಿರುತ್ತದೆ. ಆ ನೂರನ್ನು ಕಾಯುವ ಸಲುವಾಗಿ ಒಂಬತ್ತರ ಕೊನೆಯಲ್ಲಿ ದುರ್ಬಲರನ್ನು ಮೆಲ್ಲಗೆ ದಾಟಿಸಲಾಗುತ್ತದೆ. ಹೀಗೆ ಬಂದ ಹುಡುಗನೊಬ್ಬ ಮೊದಲ ತಿಂಗಳು ಯಾರೊಡನೆಯೂ ಮಾತನಾಡಲಿಲ್ಲ. ಒಂಬತ್ತು ವರ್ಷ ಶುಲ್ಕ ಪಡೆದು ಓದಿಸಿದವರು ಹತ್ತನೆಯ ವರ್ಷಕ್ಕೆ 'ಇವನು ನಮ್ಮವನಲ್ಲ' ಎಂದರೆ ಮಗುವಿನ ಮನಸ್ಸಿನಲ್ಲಿ ಏನಾಗುತ್ತದೆಂದು ಆಡಳಿತ ನಡೆಸುವವರು ಯೋಚಿಸಬೇಕು. ಆಡಳಿತ ಮಂಡಳಿಗಳಲ್ಲಿ ಕುಳಿತುಕೊಳ್ಳುವವರು ಈ ಪುಟಗಳ ಓದುಗರಲ್ಲಿಯೂ ಇರುವುದರಿಂದ ಈ ಮಾತನ್ನು ಇಲ್ಲಿ ಬರೆದೆ. ಸರ್ಕಾರವೂ ಒಂಬತ್ತರ ಮೇಲೆ ಕಣ್ಣಿಟ್ಟದ್ದುಂಟು, ಪರೀಕ್ಷೆಯ ರೂಪದಲ್ಲಿ. 2024ರ ಮಾರ್ಚ್ ತಿಂಗಳಲ್ಲಿ ಒಂಬತ್ತಕ್ಕೂ ಸೇರಿದಂತೆ ನಾಲ್ಕು ತರಗತಿಗಳಿಗೆ ರಾಜ್ಯಮಟ್ಟದ ಮೌಲ್ಯಾಂಕನ ನಡೆಯಿತು. ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅದರ ಫಲಿತಾಂಶಕ್ಕೆ ತಡೆ ನೀಡಿತು. ಆ ವಾದವಿವಾದದ ನಡುವೆ ಯಾರಾದರೂ ಕಾಫಿ ಕೊಯ್ಲಿನ ಹಾಜರಿಯನ್ನು ನೆನೆದರೋ ಇಲ್ಲವೋ.

ನಮ್ಮ ಗಣಿತದ ಮೇಷ್ಟ್ರದು ಒಂದು ಸರಳ ಕ್ರಮವಿತ್ತು. ಒಂಬತ್ತರ ಮಗು ಮೂರು ದಿನ ಬಾರದಿದ್ದರೆ ನಾಲ್ಕನೆಯ ದಿನ ಅದರ ಇಬ್ಬರು ಗೆಳೆಯರ ಕೈಯಲ್ಲಿ ಆ ಮೂರು ದಿನಗಳ ಟಿಪ್ಪಣಿ ಬರೆದ ಪುಸ್ತಕ ಕಳುಹಿಸುತ್ತಿದ್ದರು. ಬುದ್ಧಿವಾದವಿಲ್ಲ, ಪೋಷಕರಿಗೆ ಪತ್ರವಿಲ್ಲ. ಪುಸ್ತಕ ಹಿಂತಿರುಗಿಸಲೆಂದಾದರೂ ಮಗು ಬರಬೇಕಾಗುತ್ತಿತ್ತು. ಬಂದಾಗ ಯಾರೂ ಏಕೆ ಬರಲಿಲ್ಲವೆಂದು ಕೇಳಕೂಡದೆಂಬುದು ಅವರ ಕಟ್ಟಪ್ಪಣೆ.

ಆ ಕ್ರಮಕ್ಕೂ ಸಿಗದೆ ಹೋದವನು ನಮ್ಮ ಗಂಟೆ ಬಾರಿಸುವ ಹುಡುಗ. ಕೊಯ್ಲಿನ ಕೂಲಿಯಲ್ಲಿ ಮೊಬೈಲು ಕೊಂಡ, ಅನಂತರ ಮರ ಕಪಾತಿನ ಕೆಲಸಕ್ಕೆ ಹಾಸನದ ಕಡೆ ಹೋದನೆಂದು ಕೇಳಿದೆವು. ಕಳೆದ ವರ್ಷ ಬಸ್ ನಿಲ್ದಾಣದಲ್ಲಿ ಗುರುತು ಹಿಡಿದು ತಾನಾಗಿಯೇ ಮಾತನಾಡಿಸಿದ. ಈಗ ಅವನಿಗೆ ಚಾಲನಾ ಪರವಾನಗಿಯಿದೆ, ಸರಕು ಗಾಡಿ ಓಡಿಸುತ್ತಾನೆ, ಒಂದು ಹೆಣ್ಣುಮಗುವಿದೆ. ಸ್ವಲ್ಪ ಹೊತ್ತು ಅದೂ ಇದೂ ಮಾತನಾಡಿ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಖಾಸಗಿ ಅಭ್ಯರ್ಥಿಯಾಗಿ ಎಸ್.ಎಸ್.ಎಲ್.ಸಿ. ಬರೆಯಬಹುದೇ ಎಂದು ವಿಚಾರಿಸಿದ. ಬರೆಯಬಹುದು, ಅರ್ಜಿಗೆ ನಾನೇ ಜೊತೆಗೆ ಬರುತ್ತೇನೆ ಎಂದೆ.

"ಗಣಿತ ಯಾರು ಹೇಳ್ಕೊಡ್ತಾರೆ ಟೀಚರ್?" ಎಂದು ಕೇಳಿದ.

ಮೇಷ್ಟ್ರೂ ನಿವೃತ್ತರಾಗಿ ಅದೇ ಊರಿನಲ್ಲಿದ್ದಾರೆ, ಸಂಜೆ ಏಳರ ಮೇಲೆ ಮನೆಯಲ್ಲೇ ಇರುತ್ತಾರೆ ಎಂದು ತಿಳಿಸಿದೆ. ಅವನು ಮೊಬೈಲು ತೆಗೆದು ಅವರ ಮನೆಯ ಗುರುತು ಬರೆದುಕೊಂಡ.