ಒಂದು ಗಂಟೆ ಎಂದರೆ ನಿಲ್ಲು

ನಮ್ಮ ಮನೆಯಲ್ಲಿ ‘ಒಂದು ಗಂಟೆ’ ಎಂದರೆ ಊಟದ ಹೊತ್ತಲ್ಲ, ‘ನಿಲ್ಲು’ ಎಂದರ್ಥ. ಅಪ್ಪ ಹಟ್ಟಿ ಚಿನ್ನದ ಗಣಿಯಲ್ಲಿ ಬ್ಯಾಂಕ್ಸ್‌ಮನ್ ಆಗಿದ್ದ. ಬ್ಯಾಂಕು ಅಂದ ಕೂಡಲೇ ರೊಕ್ಕ ನೆನೆಸಬೇಡಿ. ಗಣಿಬಾವಿಯ ಬಾಯಲ್ಲಿ ನಿಂತು, ಬಾವಿಯಲ್ಲಿ ಇಳಿದು ಏರುವ ಪಂಜರಕ್ಕೆ, ಅಂದರೆ ಕೇಜಿಗೆ, ಜನರನ್ನು ಹತ್ತಿಸಿ, ಬಾಗಿಲು ಹಾಕಿ, ಗಂಟೆಯ ಸನ್ನೆ ಕೊಡುವವನೇ ಬ್ಯಾಂಕ್ಸ್‌ಮನ್. ಹಗ್ಗ ಸುತ್ತುವ ಯಂತ್ರ ನಡೆಸುವವನಿಗೆ ಬಾವಿಯೊಳಗಿನ ಕೇಜು ಕಾಣುವುದಿಲ್ಲ, ಗಂಟೆಯೇ ಅವನ ಕಣ್ಣು. ಎಷ್ಟು ಬಡಿತಕ್ಕೆ ಏನು ಮಾಡಬೇಕೆಂಬ ಲೆಕ್ಕವನ್ನು ಹಲಗೆಯ ಮೇಲೆ ಬರೆದು ತೂಗುಹಾಕಿರುತ್ತಾರೆ. ಹೊರಟ ಕೇಜಿಗೆ ಒಂದೇ ಬಡಿತ ಬಿತ್ತೋ, ನಿಲ್ಲಬೇಕು. ಯಾರು ಬಡಿದರು, ಯಾಕೆ ಬಡಿದರು ಎಂಬುದೆಲ್ಲ ಆಮೇಲಿನ ಮಾತು.

ಕೇಜಿನಲ್ಲಿ ಇಷ್ಟೇ ಜನ ಎಂಬ ಲೆಕ್ಕವೂ ಅಲ್ಲೇ ಇರುತ್ತದೆ. ಒಬ್ಬ ಹೆಚ್ಚಾದರೂ ಅಪ್ಪ ಕೈ ಅಡ್ಡ ಹಿಡಿಯುತ್ತಿದ್ದ. ಬಂದವ ದೊಡ್ಡ ಸಾಹೇಬನಾಗಿರಲಿ, ಬೀಗನಾಗಿರಲಿ, ಒಂದೇ ಮಾತು: “ಮುಂದಿನ ಕೇಜಿಗೆ ಬರ್ರಿ.” ಗಣಿಯ ಕ್ಯಾಂಪಿನಲ್ಲಿ ಅವನನ್ನು ಬಾಯ್ತುಂಬ ಹೊಗಳುತ್ತಿದ್ದರು. “ನಿಮ್ಮಪ್ಪ ಅಂದ್ರ ಗಡಿಯಾರ, ಯವ್ವಾ!”

ಈ ಗಡಿಯಾರ ಮನೆಗೆ ಬಂದು ಸ್ಕೂಟರ್ ಹತ್ತಿದರೆ ಸಿಡಿಮದ್ದಾಗುತ್ತಿತ್ತು.

ನಮ್ಮದು ಬಜಾಜ್ ಚೇತಕ್. 1972ರಲ್ಲಿ ರಸ್ತೆಗಿಳಿದ ಆ ಸ್ಕೂಟರಿಗಾಗಿ ಜನ ಹೆಸರು ಬರೆಸಿ, ಮಗಳ ಮದುವೆಗೆ ವರ ಕಾದಂತೆ, ವರ್ಷಗಟ್ಟಲೆ ಕಾಯುತ್ತಿದ್ದ ಕಾಲವದು. ಚೇತಕ್ ಎಂಬುದು ರಾಣಾ ಪ್ರತಾಪನ ಕುದುರೆಯ ಹೆಸರು. 1576ರ ಹಲ್ದಿಘಾಟಿ ಕದನದಲ್ಲಿ ಗಾಯಗೊಂಡ ಮೇಲೂ ಅದು ಒಡೆಯನನ್ನು ಹೊತ್ತು ಹಳ್ಳ ಜಿಗಿಯಿತೆಂದು ಕಥೆಯಿದೆ. ಆ ಕುದುರೆಯ ಮೇಲಿದ್ದವನು ಒಬ್ಬನೇ. ನಮ್ಮ ಚೇತಕ್ ಮೇಲೆ ಮುಂದೆ ನಿಂತವಳು ನಾನು, ನನ್ನ ಹಿಂದೆ ಅಪ್ಪ, ಅವನ ಬೆನ್ನಿಗೆ ಅಂಟಿಕೊಂಡ ತಮ್ಮ, ಕೊನೆಗೆ ಒಂದೇ ಮಗ್ಗುಲಾಗಿ ಕುಳಿತ ಅವ್ವ, ಅವಳ ತೊಡೆಯ ಮೇಲೆ ತಂಗಿ. ಕೇಜಿಗೆ ಒಬ್ಬನನ್ನೂ ಹೆಚ್ಚು ಬಿಡದವನು ಇಬ್ಬರ ಗಾಡಿಗೆ ಐವರನ್ನು ಹೇರುತ್ತಿದ್ದ. ಸವಾರನ ಹಿಂದೆ ಒಬ್ಬರಿಗಿಂತ ಹೆಚ್ಚು ಕೂಡಬಾರದೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಅಪ್ಪನ ಪ್ರಕಾರ ಮಕ್ಕಳು ಸಾಮಾನಿನ ಲೆಕ್ಕ.

ರಾತ್ರಿ ಪಾಳಿಯ ವಾರ ನಮ್ಮನ್ನು ಶಾಲೆಗೆ ಬಿಡುವ ಕೆಲಸ ಅವನದು. ಕಣ್ಣಲ್ಲಿ ನಿದ್ದೆ, ಕೈಯಲ್ಲಿ ಹಾರನ್. ಪಕ್ಕದ ಕ್ವಾರ್ಟರ್ಸಿನ ಕಾಕಾನೂ ಅದೇ ಹೊತ್ತಿಗೆ ತನ್ನ ಮಕ್ಕಳನ್ನು ಹೇರಿಕೊಂಡು ಹೊರಡುತ್ತಿದ್ದ. ಪಾಳಿಯ ಹೊತ್ತಿಗೆ ಇದೇ ಕಾಕಾ ಅಪ್ಪನೆದುರು ಸಾಲಿನಲ್ಲಿ ತಣ್ಣಗೆ ನಿಂತು ಕೇಜು ಹತ್ತಿದವನು, ಅಪ್ಪನ ಗಂಟೆಯನ್ನು ನಂಬಿ ಪಾತಾಳಕ್ಕೆ ಇಳಿದವನು. ಬೆಳಕು ಹರಿದ ಮೇಲೆ ಮಾತ್ರ ಇಬ್ಬರಿಗೂ ಒಬ್ಬರ ಹಿಂದೆ ಒಬ್ಬರು ಹೋಗುವುದೆಂದರೆ ಮಾನ ಹೋದಂತೆ. “ಬಾಜೂಕ ಸರಿಯೋ!” ಅಂತ ಅಪ್ಪ, “ಹಾರಿ ಹೋಗಲೇ!” ಅಂತ ಕಾಕಾ. ನಡುವೆ ನಾವು ಮಕ್ಕಳು ಒಬ್ಬರಿಗೊಬ್ಬರು ನಾಲಿಗೆ ಚಾಚುತ್ತಿದ್ದೆವು. ಶಾಲೆ ಮುಟ್ಟಿದ ಮೇಲೆ ಇಬ್ಬರೂ ಒಂದೇ ಹೋಟೆಲಿನಲ್ಲಿ ಒಂದೇ ಚಹಾ ಎರಡು ಪಾಲು ಮಾಡಿ ಕುಡಿಯುತ್ತಿದ್ದರು.

ಒಮ್ಮೆ ಅಪ್ಪ ನಮ್ಮನ್ನೆಲ್ಲ ಮಸ್ಕಿಗೆ ಕರೆದೊಯ್ದ. ಅಲ್ಲಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಅದನ್ನು 1915ರಲ್ಲಿ ಪತ್ತೆ ಮಾಡಿದವನು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ಹಾಗಾಗಿ ಅದು ನಮ್ಮ ಗಣಿಯವರದೇ ಸ್ವತ್ತು ಎಂಬ ಜಂಬ ಅಪ್ಪನಿಗೆ. ಅಲ್ಲಿಯವರೆಗೆ ಸಿಕ್ಕ ಶಾಸನಗಳೆಲ್ಲ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದಷ್ಟೇ ಹೇಳುತ್ತಿದ್ದಾಗ, ಆ ದೇವಾನಾಂಪ್ರಿಯ ಅಶೋಕನೇ ಎಂದು ಬಾಯಿಬಿಟ್ಟದ್ದು ನಮ್ಮ ಮಸ್ಕಿಯ ಕಲ್ಲು. ಕಳಿಂಗ ಯುದ್ಧದ ನಂತರ ಕತ್ತಿ ಕೆಳಗಿಟ್ಟ ರಾಜನ ಕಲ್ಲು ನೋಡಲು ಹೊರಟ ಅಪ್ಪ, ದಾರಿಯಲ್ಲಿ ಎರಡು ಟೆಂಪೋ, ಒಂದು ಟ್ರ್ಯಾಕ್ಟರ್, ಒಂದು ಮದುವೆ ದಿಬ್ಬಣದ ಮೇಲೆ ದಿಗ್ವಿಜಯ ಸಾಧಿಸಿದ. ಬಂಡೆಯ ಮುಂದೆ ನಿಂತಾಗ ಅವ್ವ ಸೆರಗಿನಿಂದ ಮುಖದ ಧೂಳು ಒರೆಸಿಕೊಂಡು ಕೇಳಿದಳು: “ಇವರಿಗೆ ಬುದ್ಧಿ ಬರೋಕ ಯಾವ ಯುದ್ಧ ಆಗಬೇಕೋ!”

ಈ ದಿಗ್ವಿಜಯಗಳಿಗೆಲ್ಲ ಅಪ್ಪನ ಆಯುಧ ಹಾರನ್. ಅದರ ಪೂರ್ವಜರು ಇಷ್ಟು ಜಗಳಗಂಟರಾಗಿರಲಿಲ್ಲ. ಎತ್ತಿನ ಕೊರಳ ಗಂಟೆ ‘ನಾವು ಬರ್ತಿದ್ದೀವಿ’ ಎಂದು ಹೇಳುತ್ತಿತ್ತೇ ವಿನಾ ‘ನೀ ತೊಲಗು’ ಎಂದು ಹೇಳುತ್ತಿರಲಿಲ್ಲ. ಬ್ರಿಟನ್ನಿನ 1865ರ ಕಾನೂನಂತೂ ಯಂತ್ರದ ಗಾಡಿಯ ಮುಂದೆ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೆಯಬೇಕೆಂದಿತ್ತು. ಊರೊಳಗೆ ವೇಗ ಗಂಟೆಗೆ ಎರಡು ಮೈಲಿ. ಆಮೇಲೆ ರಬ್ಬರ್ ಬುಗ್ಗೆಯ ‘ಪೋಂ ಪೋಂ’ ಬಂತು. 1908ರ ಸುಮಾರಿಗೆ ಅಮೆರಿಕದ ಮಿಲ್ಲರ್ ರೀಸ್ ಹಚಿಸನ್ ಎಂಬವನ ವಿದ್ಯುತ್ ಹಾರನ್ ‘ಕ್ಲಾಕ್ಸನ್’ ಬಂತು. ಗ್ರೀಕ್ ಭಾಷೆಯ ಕಿರುಚು ಎಂಬರ್ಥದ ಮಾತಿನಿಂದ ಆ ಹೆಸರು. ಇದೇ ಹಚಿಸನ್ ಅದಕ್ಕೂ ಮೊದಲು ಕಿವುಡರಿಗಾಗಿ ವಿದ್ಯುತ್ ಶ್ರವಣಯಂತ್ರ ಮಾಡಿದ್ದ. ಆ ಯಂತ್ರ ಖರ್ಚಾಗಲಿ ಎಂದೇ ಊರನ್ನು ಕಿವುಡು ಮಾಡುವ ಹಾರನ್ ತಂದ ಎಂದು ಅವನನ್ನು ಗೇಲಿ ಮಾಡುತ್ತಿದ್ದರಂತೆ. ನಮ್ಮ ಶಾಲೆಯ ಗೇಟಿನ ಮುಂದೆ ಬೆಳಿಗ್ಗೆ ಐದು ನಿಮಿಷ ನಿಂತರೆ ಅದು ಗೇಲಿ ಅನ್ನಿಸುವುದಿಲ್ಲ.

ಈಗ ಆ ಗೇಟಿಗೆ ಮಗಳನ್ನು ಬಿಡುವವಳು ನಾನು. ಸ್ಕೂಟರ್ ಹೋಗಿ ಏಳು ಸೀಟಿನ ಗಾಡಿ ಬಂದಿದೆ. ಮನೆಯಲ್ಲಿ ಇರುವವರು ನಾಲ್ಕೇ ಜನ. ಅಷ್ಟು ದೊಡ್ಡದು ಯಾಕೆಂದರೆ ಮಗು ಸುರಕ್ಷಿತವಾಗಿರಲಿ ಅಂತ. ಯಾರಿಂದ ಸುರಕ್ಷಿತ? ಇನ್ನೊಂದು ಮಗುವಿನ ಸುರಕ್ಷೆಗೆಂದು ಕೊಂಡ ಎದುರಿನ ಏಳು ಸೀಟಿನ ಗಾಡಿಯಿಂದ!

ಅಲ್ಲಿ ಸೇರುವ ತಂದೆತಾಯಿಗಳನ್ನು ನೋಡಬೇಕು. ‘ಎರಡೇ ನಿಮಿಷ’ ಎಂದು ರಸ್ತೆ ನಡುವೆ ಗಾಡಿ ನಿಲ್ಲಿಸಿ ಟೀಚರ್ ಜೊತೆ ಸಂಸಾರ ಹೇಳಿಕೊಳ್ಳುವವರು ಒಂದು ಜಾತಿ. ಹೆಲ್ಮೆಟ್ಟನ್ನು ಕನ್ನಡಿಗೆ ತೊಡಿಸಿ, ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಕತ್ತು ವಾರೆ ಮಾಡಿ ಬರುವವರು ಇನ್ನೊಂದು. ಅವಕಾಶ ಸಿಕ್ಕರೆ ಗಾಡಿಯನ್ನು ಮಗನ ಬೆಂಚಿನ ತನಕ ಒಯ್ಯುವವರು ಮೂರನೆಯದು. ಗಾಜಿನ ಮೇಲೆ ‘ಶ್ರೀ ಅಮರೇಶ್ವರ ಪ್ರಸನ್ನ’ ಎಂದಿರುತ್ತದೆ, ಒಳಗಿದ್ದವರು ಯಾರೂ ಪ್ರಸನ್ನರಲ್ಲ. ಶಾಲೆಯ ಸುತ್ತ ಕನಿಷ್ಠ ನೂರು ಮೀಟರನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ನಮ್ಮಲ್ಲಿ ಹಾರನ್ ಶುರುವಾಗುವುದೇ ಅಲ್ಲಿಂದ. ಒಂದು ಟನ್ ಕಲ್ಲು ಪುಡಿಗುಟ್ಟಿ ಕೆಲವೇ ಗ್ರಾಂ ಚಿನ್ನಕ್ಕಾಗಿ ಕಾಯುವ ಊರಿನವರು ನಾವು. ಮುಂದಿನ ಗಾಡಿಯಿಂದ ಒಂದು ಮಗು ಬ್ಯಾಗಿನ ಸಮೇತ ಇಳಿಯುವ ತನಕ ಕಾಯಲಾರೆವು.

ಇದನ್ನೆಲ್ಲ ಬೇರೆಯವರ ಕಥೆಯೆಂಬಂತೆ ಹೇಳುತ್ತಿದ್ದೇನೆ. ಆದರೆ ಕಳೆದ ವರ್ಷದ ಒಂದು ಬೆಳಿಗ್ಗೆ ಅಪ್ಪ ನನ್ನ ಪಕ್ಕದ ಸೀಟಿನಲ್ಲಿದ್ದ. ನಿವೃತ್ತನಾಗಿ ವರ್ಷಗಳಾದವು, ಮೊಮ್ಮಗಳನ್ನು ಬಿಡಲು ಜೊತೆಗೆ ಬರುವುದೇ ಅವನ ಪಾಳಿ. ಮುಂದೊಬ್ಬ ತಂದೆ ಸ್ಕೂಟಿಯಿಂದ ಇಬ್ಬರು ಮಕ್ಕಳನ್ನು ಇಳಿಸುತ್ತಿದ್ದ. ನಾನು ಹಾರನ್ ಒತ್ತಿದೆ. ಮತ್ತೆ ಒತ್ತಿದೆ. “ಕಣ್ಣು ಕಾಣಂಗಿಲ್ಲೇನ್ರೀ!” ಎಂದು ಕೂಗಿ, ಎಡಕ್ಕೆ ತಿರುಗಿಸಿ ಸಂದಿಯಲ್ಲಿ ನುಗ್ಗಿಸಿದೆ.

ಟಕ್.

ಅಪ್ಪ ಬೆರಳ ಗೆಣ್ಣಿನಿಂದ ಡ್ಯಾಶ್‌ಬೋರ್ಡಿಗೆ ಒಂದೇ ಸಲ ಬಡಿದಿದ್ದ. ನನ್ನ ಕಾಲು ನನಗಿಂತ ಮೊದಲು ಬ್ರೇಕ್ ತುಳಿಯಿತು. ಎರಡು ಮೊಳ ಮುಂದೆ, ಬಾನೆಟ್ಟಿನ ಮರೆಯಿಂದ, ಬೂಟಿನ ಲೇಸ್ ಕಟ್ಟಲು ಬಗ್ಗಿದ್ದ ಹುಡುಗನೊಬ್ಬ ಎದ್ದು ನಿಂತ. ನಮ್ಮತ್ತ ನೋಡಿ, ಏನೂ ಆಗಿಲ್ಲವೆಂಬಂತೆ ಗೇಟಿನೊಳಗೆ ಓಡಿದ.

ಉಸಿರು ಸ್ಥಿಮಿತಕ್ಕೆ ಬಂದ ಮೇಲೆ ನಾನು ಅಪ್ಪನಿಗೇ ತಿರುಗಿ ಬಿದ್ದೆ. “ಸ್ಕೂಟರ್ ಮ್ಯಾಗ ನೀ ಮಾಡಿದ್ದೇನು? ಆಗ ಯಾಕ ಗಂಟಿ ನೆನಪಾಗಲಿಲ್ಲ?”

ಅವನು ಬಹಳ ಹೊತ್ತು ಕಿಟಕಿಯಾಚೆ ನೋಡಿದ. “ಕೇಜಿನ್ಯಾಗ ಇಳಿಯೋರು ಮಂದಿ ಮಕ್ಕಳು. ಪಾಳಿ ಮುಗಿದ ಮ್ಯಾಲ ತಲೆ ಎಣಿಸಿ ಲೆಕ್ಕ ಕೊಡಬೇಕಾಗಿತ್ತು. ಗಾಡಿ ಮ್ಯಾಗ ಇದ್ದೋರು ನನ್ನ ಮಕ್ಕಳು. ಕೇಳೋರು ಯಾರಿದ್ರು?”

ಶಾಲೆಯ ಗೇಟಿನಲ್ಲಿ ನಾವೆಲ್ಲ ಮಾಡುತ್ತಿರುವುದು ಇದನ್ನೇ. ಮಂದಿಯ ಮಕ್ಕಳನ್ನು ಕೂಡಿಸಿಕೊಂಡ ಶಾಲಾ ವ್ಯಾನಿನ ಡ್ರೈವರ್ ಸ್ವಲ್ಪ ಜೋರು ಹೋದರೆ ದೂರು ಕೊಡಲು ಸಾಲುಗಟ್ಟುತ್ತೇವೆ. ಸ್ವಂತ ಮಕ್ಕಳೆಂದರೆ ಸಲುಗೆ, ಲೆಕ್ಕ ಕೇಳುವವರಿಲ್ಲ.

ಈಗ ಅಪ್ಪ ಬರದ ದಿನ ಮಗಳು ಹಿಂದಿನ ಸೀಟಿನಿಂದ ನೀರಿನ ಬಾಟಲಿಯಲ್ಲಿ ಒಂದು ಸಲ ಬಡಿಯುತ್ತಾಳೆ. ಕೆಲವೊಮ್ಮೆ ಐಸ್‌ಕ್ರೀಂ ಅಂಗಡಿ ಕಂಡಾಗಲೂ ಬಡಿಯುತ್ತಾಳೆ. ಆದರೂ ನಿಲ್ಲಿಸುತ್ತೇನೆ, ಗಂಟೆಗೆ ಕಾರಣ ಕೇಳುವಂತಿಲ್ಲವಲ್ಲ. ಅಂದ ಹಾಗೆ, ಅಷ್ಟು ಅವಸರದಲ್ಲಿ ನಾನು ನುಗ್ಗಿಸಿದ ಆ ಬೆಳಿಗ್ಗೆ ಶಾಲೆಯಲ್ಲಿ ಪ್ರಾರ್ಥನೆ ಇನ್ನೂ ಶುರುವಾಗಿರಲಿಲ್ಲ.