ಉದ್ರಿ ಲೆಕ್ಕದ ಹಳೇ ಫೈಲು

ನಮ್ಮ ಅಂಗಡಿ ಉದ್ರಿ ಲೆಕ್ಕ ಪೂರಾ ಆಕ್ಸೆಸ್ 97ರಾಗ ಇತ್ತು. ಕಂಪ್ಯೂಟರಿನ ಖಾತೆವಹಿ ಅನ್ಕೋರಿ. ಮನಿಯವರು ತಾವs ಕಲತು ಬರದಿಟ್ಟ ಹೋಗ್ಯಾರ. ಮಗ ಹೊಸಾ ಲ್ಯಾಪ್‌ಟಾಪ್ ತಂದ, ಅದರಾಗ ಹೊಸಾ ಆಕ್ಸೆಸ್. ಫೈಲು ತಗೀಲೇ ಇಲ್ಲ! "ಕೆಟ್ಟದ ಬಿಡವ್ವಾ" ಅಂದ. ಕೆಟ್ಟಿರಲಿಲ್ಲರೀ. 2013ರಿಂದ ಈಚೆ ಬಂದ ಆಕ್ಸೆಸ್ 97ರ ಫೈಲು ತಗಿಯೂದನ್ನ ಬಿಟ್ಟದ. 2000, 2003ರ ಫೈಲು ತಗೀತದ, 97ರದು ಮಾತ್ರ ಒಲ್ಲೆ ಅಂತದ. ಯಾವುದು ಹಳೇದು ಅಂತ ಕಂಪನಿಯವರು ಠರಾಯಿಸ್ತಾರ, ಬಾಕಿ ಕೊಡಾವರು ಮಾತ್ರ ಇನ್ನೂ ನಮ್ಮ ಓಣ್ಯಾಗ ಇದ್ದಾರ.

2010ರ ಆಕ್ಸೆಸ್ ಎರಡಕ್ಕೂ ನಡುವಿನ ಮೆಟ್ಟಲಾ. ಅದು 97ರದು ತಗದು ಹೊಸಾ ನಮೂನಿಗೆ ಬದಲಿ ಮಾಡ್ತದ. ತಂಗಿ ಮನ್ಯಾಗ ಅದು ಇತ್ತು. ಮೂಲ ಫೈಲಿಗೆ ಕೈ ಹಚ್ಚಲಿಲ್ಲ, ಕಾಪಿ ಮಾಡಿ ಅದನ್ನಷ್ಟ ಬದಲಿಸಿದ್ವಿ. ಆಮ್ಯಾಲೆ ಹಳೇ ಮಷಿನ್ ಬಾಜೂಕ ಇಟಗೊಂಡು ಗಿರಾಕಿ ಎಷ್ಟು, ಒಟ್ಟು ಬಾಕಿ ಎಷ್ಟು, ತಾಳೆ ನೋಡಿದ್ವಿ. ಪೈಸೆ ಸೈತ ಕೂಡಿತು.

ಷರಾ ಅನ್ನೂ ಕಾಲಮ್ಮೂ ಬಂದಿತ್ತು. ಇಂಗ್ಲಿಷ್ ಅಕ್ಷರದಾಗ ಅವರ ಕನ್ನಡ. ಒಬ್ಬರ ಹೆಸರಿನ ಮುಂದ, "ಮಗಳ ಲಗ್ನ ಅದ, ಈ ವರ್ಷ ಕೇಳಬಾರದು." ಮಗ ಅದನ್ನ ಎರಡ ಸಲ ಓದಿದ.