ನಳಿಕೆ ಬದಲಿಸಿದ ಮೇಲೆ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಬಹುಮಟ್ಟಿಗೆ ಇತರರನ್ನು ಕುರಿತು ಬಳಸಿಯೂ ಇದ್ದೇವೆ. ಆದರೆ ಕೆಲವೊಮ್ಮೆ ನೆಲ ನಿಜವಾಗಿಯೂ ಡೊಂಕಾಗಿರಬಹುದಲ್ಲವೇ? ಗಾದೆಗೆ ಆ ಸಂಶಯವಿಲ್ಲ. ದೋಷ ನೆಲದ್ದೋ ಕಾಲಿನದೋ ಎಂಬುದನ್ನು ತಾಳ್ಮೆಯಿಂದ ಅಳೆದು ನೋಡಿದ ಹಿರಿಯರೊಬ್ಬರನ್ನು ನಾನು ಬಲ್ಲೆ. ಅವರು ಅಳೆದದ್ದು ಒಂದು ಸಣ್ಣ ಬಂದೂಕಿನ ನಳಿಕೆಯನ್ನು. ಗುರುಗಳ ಲೇಖನಿಗೆ ಬಂದೂಕಿನ ವಿಷಯವೇ ಎಂದು ಹುಬ್ಬೇರಿಸಬೇಡಿ. ಇದು ಬೇಟೆಯ ಮಾತಲ್ಲ, ಕಾಗದದ ಮೇಲೆ ಬರೆದ ವೃತ್ತಗಳಿಗೆ ಗುರಿಯಿಡುವ ಮಾತು.

2014ರಲ್ಲಿ ನಾನು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಹಳ್ಳಿಯೊಂದರ ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದೆ. ಆ ಹಿರಿಯರು ಅಲ್ಲಿನ ನಿವೃತ್ತ ಬಡಗಿ, ಎಪ್ಪತ್ತರ ಗಡಿಯಲ್ಲಿದ್ದರು. ಅವರ ಬಳಿ ಇದ್ದದ್ದು 1964ರಲ್ಲಿ ಮಾರುಕಟ್ಟೆಗೆ ಬಂದು ಅಂದಿನಿಂದಲೂ ಅಲ್ಲಿ ಮನೆಮಾತಾಗಿರುವ ರೂಗರ್ 10/22 ಎಂಬ ರೈಫಲ್. ಅದರ ಕಾಡತೂಸು .22 ಲಾಂಗ್ ರೈಫಲ್ 1887ರಷ್ಟು ಹಳೆಯದು. ಸೀಸದ ಗುಂಡು ತೂಗುವುದು ಸುಮಾರು 2.6 ಗ್ರಾಂ ಮಾತ್ರ. ಇದನ್ನು ರಿಮ್‌ಫೈರ್ ಎನ್ನುತ್ತಾರೆ, ಏಕೆಂದರೆ ಕಿಡಿ ಹೊತ್ತಿಸುವ ಮದ್ದು ಕಾಡತೂಸಿನ ತಳದ ಅಂಚಿನೊಳಗೆ ಇರುತ್ತದೆ. ಬಂದೂಕಿನ ಮೊಳೆ ಆ ಅಂಚನ್ನೇ ಜಜ್ಜಬೇಕು. ಒಮ್ಮೆ ಜಜ್ಜಿದ ಅಂಚಿಗೆ ಮನೆಯಲ್ಲಿ ಮತ್ತೆ ಮದ್ದು ತುಂಬುವಂತಿಲ್ಲ. ದೊಡ್ಡ ರೈಫಲ್ಲಿನವರು ತಮ್ಮ ಕಾಡತೂಸನ್ನು ತಾವೇ ತೂಗಿ, ಅಳೆದು ತಯಾರಿಸಿಕೊಳ್ಳುತ್ತಾರೆ. ರಿಮ್‌ಫೈರ್‌ನವರಾದರೋ ಕಾರ್ಖಾನೆ ಕೊಟ್ಟದ್ದನ್ನು ಹಾಗೆಯೇ ಒಪ್ಪಿಕೊಳ್ಳಬೇಕು. ಆದುದರಿಂದ ಅವರ ಗಮನವೆಲ್ಲ ನಳಿಕೆಯ ಮೇಲೆ.

ಹಿರಿಯರ ಅಳಲು ಇಷ್ಟೇ: ನಿಂತು ಹೊಡೆದಾಗ ಕಾಗದದ ಮೇಲಿನ ತೂತುಗಳು ವರ್ಷದಿಂದ ವರ್ಷಕ್ಕೆ ದೂರ ದೂರ ಸರಿಯುತ್ತಿದ್ದವು. 50 ಗಜದಲ್ಲಿ ಅವುಗಳ ಹರವು 4 ಇಂಚಿಗೆ ಬಂದಿತ್ತು. ನಳಿಕೆ ಬದಲಿಸಿ ಎಂದು ಗೆಳೆಯರು ಹೇಳಿದರು. ಅವರು ಕೂಡಲೇ ಕೊಳ್ಳಲಿಲ್ಲ. ಮೊದಲು ಬಂದೂಕನ್ನು ಮೇಜಿನ ಮೇಲೆ ಮರಳಿನ ಚೀಲಗಳಿಗೆ ಆನಿಸಿ, ತಮ್ಮ ತೋಳಿನ ಪಾಲನ್ನು ಆದಷ್ಟು ಹೊರಗಿಟ್ಟು, ಮೂರು ಬಗೆಯ ಕಾಡತೂಸುಗಳನ್ನು ಹತ್ತು ಹತ್ತರಂತೆ ಹಾರಿಸಿದರು. ಮೂರು ಗುಂಡು ಒತ್ತಾಗಿ ಬಿದ್ದರೆ ಅದು ಅದೃಷ್ಟವಾಗಿರಬಹುದು, ಹತ್ತು ಬಿದ್ದರೆ ನಂಬಬಹುದು ಎಂಬುದು ಅವರ ಲೆಕ್ಕ. ಅತ್ಯುತ್ತಮ ಫಲಿತಾಂಶ 1.5 ಇಂಚು. ಅಂದರೆ ನೆಲವೂ ಡೊಂಕೇ ಇತ್ತು.

ಆಮೇಲೆ ಹೊಸ ನಳಿಕೆ ಬಂತು. ಈ ರೈಫಲ್ಲಿನಲ್ಲಿ ನಳಿಕೆಯನ್ನು ಹಿಡಿದಿರುವುದು ಒಂದು ಕಬ್ಬಿಣದ ತುಂಡು ಮತ್ತು ಎರಡು ತಿರುಪುಗಳು; ಅರ್ಧ ಗಂಟೆಯ ಕೆಲಸ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಸಂಖ್ಯೆ ಕೊರೆದ ಮೂಲಭಾಗವೇ ಬಂದೂಕು, ನಳಿಕೆ ಬರಿಯ ಬಿಡಿಭಾಗ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಿಡಿಭಾಗವೂ ಶಸ್ತ್ರವೇ. ಕೈಲ್ ಮುಹೂರ್ತದ ವೇಳೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಕೊಡಗಿನ ಓದುಗರು ಈ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು. ಹೊಸ ನಳಿಕೆ 0.920 ಇಂಚು ದಪ್ಪ, ಬುಡದಿಂದ ತುದಿಯವರೆಗೂ ಒಂದೇ ಸಮ. ಅದು ಕೂರಲು ಮರದ ಭಾಗದ ಕಾಲುವೆಯನ್ನು ಅಗಲಿಸಬೇಕಾಯಿತು. ಬಡಗಿಗೆ ಅದೇ ಸಂಭ್ರಮ.

ದಪ್ಪ ನಳಿಕೆ ಏಕೆ ಒಳ್ಳೆಯದು? ಗುಂಡು ಹಾರುವಾಗ ನಳಿಕೆ ತಂತಿಯಂತೆ ಕಂಪಿಸುತ್ತದೆ. ದಪ್ಪವಿದ್ದಷ್ಟು ಕಂಪನ ಕಡಿಮೆ. ಉದ್ದವಾಗಿರಬೇಕೆಂಬ ನಂಬಿಕೆ ತಪ್ಪು. ಇಷ್ಟು ಸಣ್ಣ ಕಾಡತೂಸಿನ ಮದ್ದಿಗೆ 16 ಇಂಚಿನ ನಳಿಕೆ ಸಾಕಾಗುತ್ತದೆ. ಇನ್ನೆರಡು ಸಂಗತಿಗಳು ಕಣ್ಣಿಗೆ ಬೀಳುವುದಿಲ್ಲ. ಕಾಡತೂಸು ಕೂರುವ ಗೂಡು ಸಾಮಾನ್ಯ ಬಂದೂಕಿನಲ್ಲಿ ಸಡಿಲ, ಕೊಳೆ ಕಟ್ಟಿದರೂ ಸಿಕ್ಕಿಕೊಳ್ಳಬಾರದೆಂದು. ಸ್ಪರ್ಧೆಯ ನಳಿಕೆಯಲ್ಲಿ ಅದು ಬಿಗಿ, ಗುಂಡು ನೆಟ್ಟಗೆ ಹೊರಡಲೆಂದು. ಇನ್ನೊಂದು ನಳಿಕೆಯ ಬಾಯಂಚು. ಗುಂಡಿಗೆ ತಗಲುವ ಕೊನೆಯ ಲೋಹ ಅದು. ಅಲ್ಲೊಂದು ಸಣ್ಣ ಗೀರಿದ್ದರೂ ಹಿಂದಿನಿಂದ ನುಗ್ಗುವ ಅನಿಲ ಗುಂಡನ್ನು ಒಂದು ಬದಿಗೆ ತಳ್ಳುತ್ತದೆ.

ಮತ್ತೆ ಮರಳಿನ ಚೀಲಗಳ ಮೇಲಿಟ್ಟು ಹೊಡೆದರು. 1.5 ಇಂಚಿನ ಹರವು ಅರ್ಧ ಇಂಚಿಗೆ ಇಳಿಯಿತು. ಎಲ್ಲರೂ ಅಭಿನಂದಿಸಿದರು. ಬಳಿಕ ಅವರು ಎದ್ದು ನಿಂತು ಹೊಡೆದರು. 4 ಇಂಚು ಇದ್ದದ್ದು 3.75 ಇಂಚು ಆಯಿತು, ಅಷ್ಟೇ. ಆ ಕಾಗದವನ್ನು ಅವರು ಬಹಳ ಹೊತ್ತು ಕೈಯಲ್ಲಿ ಹಿಡಿದು ನೋಡುತ್ತಿದ್ದರು. ಹಳೆಯ ನಳಿಕೆ ಇದ್ದಷ್ಟು ದಿನ ತಪ್ಪನ್ನು ಹೊರಲು ಅದೊಂದಿತ್ತು. ಇನ್ನು ಉಳಿದದ್ದು ಅವರ ತೋಳು ಮಾತ್ರ. ಆ ವಾರವೇ ಅವರು ವೈದ್ಯರಲ್ಲಿಗೆ ಹೋದರು. ಕೈನಡುಕಕ್ಕೆ ವೈದ್ಯರು ಒಂದು ಹೆಸರು ಕೊಟ್ಟರು.

ಹಾಗಾದರೆ ನಳಿಕೆಗೆ ಸುರಿದ ಹಣ ದಂಡವೇ? ನನಗೆ ಹಾಗೆನಿಸದು. ಉತ್ತಮ ಸಾಧನ ನಮ್ಮನ್ನು ಉತ್ತಮರನ್ನಾಗಿಸುವುದಿಲ್ಲ. ನಾವು ಎಲ್ಲಿದ್ದೇವೆಂದು ಸ್ಪಷ್ಟವಾಗಿ ತೋರಿಸುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇದೇ .22 ಕಾಡತೂಸಿನಿಂದ, 50 ಮೀಟರ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಗೆದ್ದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆಯವರನ್ನು ನೆನೆಯಿರಿ. ಅಲ್ಲಿ ಹತ್ತು ಅಂಕದ ವೃತ್ತದ ಅಗಲ 10.4 ಮಿಲಿಮೀಟರ್ ಮಾತ್ರ. ಅರ್ಹತಾ ಸುತ್ತಿನಲ್ಲಿ ಅವರ ಒಟ್ಟು ಅಂಕ 590; ಮೂರು ಭಂಗಿಗಳಲ್ಲಿ ನಿಂತು ಹೊಡೆದ ಭಾಗಕ್ಕೇ ಅತಿ ಕಡಿಮೆ, 200ಕ್ಕೆ 195. ನಳಿಕೆ ಅದೇ, ಕಣ್ಣೂ ಅದೇ. ಬದಲಾದದ್ದು ದೇಹಕ್ಕಿದ್ದ ಆಸರೆ.

ನಮ್ಮ ಮನೆಗಳಲ್ಲಿ ಮಗುವಿನ ಅಂಕ ಕುಸಿದರೆ ಶಾಲೆ ಬದಲಿಸುತ್ತೇವೆ, ಇಲ್ಲವೇ ಮಗುವನ್ನೇ ಬೈಯುತ್ತೇವೆ. ಎರಡಕ್ಕೂ ಮೊದಲು ಮರಳಿನ ಚೀಲದ ಪರೀಕ್ಷೆಯೊಂದು ಬೇಕು: ಒಂದನ್ನು ಸ್ಥಿರವಾಗಿಟ್ಟು ಇನ್ನೊಂದನ್ನು ನೋಡುವುದು. ಶಾಲೆಯೇ ಡೊಂಕಿದ್ದರೆ ಸರಿಪಡಿಸೋಣ. ಸರಿಪಡಿಸಿದ ಮೇಲೂ ಉಳಿದದ್ದನ್ನು ಪ್ರೀತಿಯಿಂದ ಎದುರಿಸೋಣ.

ಆ ಹಿರಿಯರು ನಿಂತು ಹೊಡೆಯುವುದನ್ನು ಬಿಟ್ಟು ರೈಫಲ್ಲನ್ನು ಮಗಳಿಗೆ ಕೊಟ್ಟರು. ರಿಮ್‌ಫೈರ್ ಕಾಡತೂಸುಗಳು ಒಂದೇ ಕಾರ್ಖಾನೆಯವಾದರೂ ಒಂದು ಕಂತಿನಂತೆ ಇನ್ನೊಂದು ಕಂತು ಇರುವುದಿಲ್ಲ. ಯಾವ ಕಂತು ಯಾವ ನಳಿಕೆಗೆ ಒಗ್ಗುತ್ತದೆಂದು ಹೊಡೆದೇ ತಿಳಿಯಬೇಕು. ನಾನು ಅಲ್ಲಿರುವಷ್ಟು ಕಾಲವೂ ಶನಿವಾರ ಬೆಳಿಗ್ಗೆ ಅವರು ಮರಳಿನ ಚೀಲಗಳ ಹಿಂದೆ ಕುಳಿತು, ಮಗಳಿಗಾಗಿ ಕಂತು ಕಂತನ್ನೂ ಪರೀಕ್ಷಿಸಿ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಆ ಕೆಲಸಕ್ಕೆ ಕೈನಡುಕ ಅಡ್ಡಿಯಾಗಲಿಲ್ಲ.